ಕೊಡಗಿನಂಥ ಸಣ್ಣ ಜಿಲ್ಲೆಗೆ ಸಾರ್ವಜನಿಕ ಕಲಾ ಗ್ಯಾಲರಿ ಬೇಕೇ?

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಕೊಡಗಿನ ರಸ್ತೆಗಳು ಈ ಸ್ಥಿತಿಯಲ್ಲಿರುವಾಗ ಚಿತ್ರ ತೂಗುಹಾಕಲು ಸರ್ಕಾರ ಹಣ ಖರ್ಚು ಮಾಡಬೇಕೇ, ಅದರಿಂದ ಊರಿನವರಿಗೆ ಏನು ಸಿಗುತ್ತದೆ, ಎಲ್ಲ ಚಿತ್ರಗಳೂ ಮೊಬೈಲಿನಲ್ಲಿ ಸಿಗುವಾಗ ಅಲ್ಲಿಗೆ ಹೋಗುವವರು ಯಾರು ಎಂದು ಕೇಳಿದ್ದೀರಿ. ನಾನು ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಗ್ಯಾಲರಿ ಬೇಕು ಎನ್ನುವ ಪಕ್ಷದವನೆಂದು ಮೊದಲೇ ತಿಳಿದುಕೊಂಡು ಓದಿ.

ರಸ್ತೆಯ ಮಾತನ್ನು ಬೇಗ ಮುಗಿಸುತ್ತೇನೆ. ಗ್ಯಾಲರಿಗೆ ಕೊಡದೆ ಉಳಿಸಿದ ಹಣ ತಾನಾಗಿ ಡಾಂಬರಾಗುವುದಿಲ್ಲ. ಲೋಕೋಪಯೋಗಿ ಇಲಾಖೆಯ ಲೆಕ್ಕ ಬೇರೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಲೆಕ್ಕ ಬೇರೆ. ರಸ್ತೆ ಕೆಟ್ಟಿದ್ದರೆ ರಸ್ತೆಯವರನ್ನೇ ಕೇಳೋಣ. ಆಸ್ಪತ್ರೆಯನ್ನೋ ಗ್ರಂಥಾಲಯವನ್ನೋ ಆಟದ ಮೈದಾನವನ್ನೋ ಕೇಳಿದಾಗಲೂ 'ಮೊದಲು ರಸ್ತೆಯಾಗಲಿ' ಎಂಬ ಇದೇ ಉತ್ತರ ಬರುವುದನ್ನು ನಾನು ಬಲ್ಲೆ.

ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು ನಮ್ಮಲ್ಲಿ ಈಗ ಕಲೆ ಎಲ್ಲಿದೆ ಎಂದು ನೋಡಬೇಕು. ಮೊದಲನೆಯದಾಗಿ ಅದು ಮನೆಗಳೊಳಗಿದೆ. ಕೊಡವರ ಹಿರಿಯರ ಮನೆಗಳಾದ ಐನ್‌ಮನೆಗಳ ಕಯ್ಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕುಳಿತವರಿಗೆ ಗೊತ್ತು: ಕಂಬದ ಕೆತ್ತನೆ, ಕಂಬಗಳ ನಡುವೆ ಕೂರಲು ಹಾಕಿದ ಮರದ ಹಲಗೆ ಐಮರ, ಬಾಗಿಲುವಾಡದ ಮೇಲಿನ ಹೂಬಳ್ಳಿ, ಇವು ಯಾವ ಊರಿನ ಬಡಗಿಯ ಮುಂದೆಯೂ ತಲೆತಗ್ಗಿಸುವ ಕೆಲಸವಲ್ಲ. ಆದರೆ ಆ ಕಯ್ಯಾಲೆಗೆ ಹೋಗಬೇಕಾದರೆ ನೀವು ಆ ಒಕ್ಕದವರಾಗಿರಬೇಕು, ಅಂದರೆ ಆ ಮನೆತನದವರಾಗಿರಬೇಕು, ನೆಂಟರಾಗಿರಬೇಕು, ಇಲ್ಲವೇ ಪರಿಚಯವಾದರೂ ಇರಬೇಕು. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿಯ ಹಿಡಿ, ಕೊರಳಿನ ಆಭರಣಗಳಾದ ಪತ್ತಾಕ್, ಜೋಮಾಲೆ ಇವೆಲ್ಲ ಬ್ಯಾಂಕಿನ ಲಾಕರಿನಲ್ಲಿ ಮಲಗಿದ್ದು ಮದುವೆಯ ದಿನ ಹೊರಬರುತ್ತವೆ. ಆ ದಿನ ಅವುಗಳನ್ನು ತೊಟ್ಟವರನ್ನು ನೋಡುತ್ತೇವೆಯೇ ಹೊರತು ಕುಸುರಿಯನ್ನು ನೋಡಲು ಬಿಡುವೆಲ್ಲಿದೆ?

ಎರಡನೆಯದಾಗಿ ಅದು ಒಂದು ರಾತ್ರಿ ಮಾತ್ರ ಇರುತ್ತದೆ. ಮಡಿಕೇರಿ ದಸರೆಯ ದಶಮಂಟಪಗಳನ್ನು ನಾನು ಈ ಜಿಲ್ಲೆಯ ಅತಿ ದೊಡ್ಡ ಶಿಲ್ಪ ಪ್ರದರ್ಶನವೆಂದೇ ಎಣಿಸುತ್ತೇನೆ. ಹತ್ತು ದೇವಸ್ಥಾನಗಳವರು ಪುರಾಣದ ಒಂದೊಂದು ಕಥೆ ಆರಿಸಿಕೊಂಡು, ಅಲುಗುವ ತಲೆ, ಎದ್ದು ನಿಲ್ಲುವ ರಾಕ್ಷಸ, ಹೊಗೆ, ಬೆಳಕು ಎಲ್ಲವನ್ನೂ ಕೂಡಿಸಿ, ವಿಜಯದಶಮಿಯ ರಾತ್ರಿ ಬೀದಿಗಿಳಿಸುತ್ತಾರೆ. ಬೆಳಗಾಗುವವರೆಗೆ ಜನ ಚಳಿಯಲ್ಲಿ ನಿಂತು ನೋಡುತ್ತಾರೆ. ನೋಡುವುದಷ್ಟೇ ಅಲ್ಲ, ವಿಮರ್ಶೆಯನ್ನೂ ಮಾಡುತ್ತಾರೆ: ಈ ಬಾರಿ ಕೋಟೆ ಗಣಪತಿಯವರ ಅಸುರನ ಕುತ್ತಿಗೆ ಸರಿಯಾಗಿ ತಿರುಗಲಿಲ್ಲ, ಪೇಟೆ ರಾಮಮಂದಿರದವರ ಬಣ್ಣ ಚೆನ್ನಾಗಿತ್ತು, ತೀರ್ಪುಗಾರರಿಗೆ ಕಣ್ಣಿಲ್ಲ. ಕೊಡಗಿನವರಿಗೆ ಕಲೆ ಅರ್ಥವಾಗುವುದಿಲ್ಲ ಎಂದು ಹೇಳುವವರು ಆ ರಾತ್ರಿ ಒಂದು ಗಂಟೆ ಕಾಲೇಜು ರಸ್ತೆಯಲ್ಲಿ ನಿಲ್ಲಲಿ. ಮರುದಿನ ಎಲ್ಲವನ್ನೂ ಬಿಚ್ಚುತ್ತಾರೆ. ತಿಂಗಳುಗಟ್ಟಲೆ ಆ ಮುಖಗಳನ್ನು ತಿದ್ದಿದ ಹುಡುಗರ ಕೈಚಳಕಕ್ಕೆ ಮೊಬೈಲಿನ ವಿಡಿಯೊ ಬಿಟ್ಟರೆ ಗುರುತು ಉಳಿಯುವುದಿಲ್ಲ.

ಮೂರನೆಯದಾಗಿ ಅದು ದೂರದಲ್ಲಿದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಗೆ ಹೋದ. ಅಲ್ಲಿಂದ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ತೆರಳಿದ. 1852ರಲ್ಲಿ ಅವಳು ಕ್ರೈಸ್ತಳಾಗಿ ದೀಕ್ಷಾಸ್ನಾನ ಪಡೆದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರ ಅವಳ ಚಿತ್ರ ಬರೆದ. ನಮ್ಮ ರಾಜಕುಮಾರಿಯ ಆ ಭಾವಚಿತ್ರ ಇಂದಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಅದು ವಾಪಸು ಬರುತ್ತದೆಂದು ನಾನು ಕನಸು ಕಾಣುವುದಿಲ್ಲ. ಆದರೆ ಅದರ ಒಂದು ಒಳ್ಳೆಯ ಪ್ರತಿಯನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಕೆಳಗೆ ಅವಳ ಕಥೆ ಬರೆದು, ಮಡಿಕೇರಿಯಲ್ಲಿ ತೂಗುಹಾಕಲು ಒಂದು ಗೋಡೆಯಾದರೂ ಬೇಡವೇ? ಇನ್ನು ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ಆ ಅರಮನೆಯ ಗೋಡೆ ಮತ್ತು ಚಾವಣಿಗಳಲ್ಲಿ ವರ್ಣಚಿತ್ರಗಳಿವೆ. ಅದು ಜಿಲ್ಲೆಯೊಳಗೇ ಇದ್ದರೂ, ತಡಿಯಂಡಮೋಳ್ ಹತ್ತಲು ಹೋಗುವವರು ದಾರಿಯಲ್ಲಿ ಇಣುಕಿ ಹೋಗುತ್ತಾರೆ, ಅಷ್ಟೆ.

ಈ ಮೂರರ ಆಚೆಗೆ ಎಲ್ಲರೂ ಕಂಡಿರುವ ಶಿಲ್ಪವೆಂದರೆ ಮಡಿಕೇರಿ ಕೋಟೆಯೊಳಗಿನ ಗಾರೆಯ ಜೋಡಿ ಆನೆಗಳು. ಅವು ಯಾಕೆ ಎಲ್ಲರಿಗೂ ಪರಿಚಿತ? ಕೋಟೆಯಲ್ಲಿ ಬಹುಕಾಲ ಸರ್ಕಾರಿ ಕಚೇರಿಗಳಿದ್ದವು. ಅರ್ಜಿ ಹಿಡಿದು ಬಂದವರು, ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ಕಾದು ನಿಂತವರು, ಎಲ್ಲರೂ ಆ ಆನೆಗಳನ್ನು ನೋಡಿದರು. ಟಿಕೆಟ್ ಇಲ್ಲ, ಆಮಂತ್ರಣವಿಲ್ಲ, ಜಾತಿ ಕೇಳುವವರಿಲ್ಲ. ಸಾರ್ವಜನಿಕ ಗ್ಯಾಲರಿಯಿಂದ ಊರಿಗೆ ಏನು ಸಿಗುತ್ತದೆ ಎಂದರೆ ನನ್ನ ಉತ್ತರ ಇದೇ: ಯಾರ ಮನೆಯೂ ಅಲ್ಲದ, ಯಾರ ಅಪ್ಪಣೆಯೂ ಬೇಡದ ಒಂದು ಜಾಗದಲ್ಲಿ ನಮ್ಮವರು ಮಾಡಿದ್ದನ್ನು ನಾಳೆಯೂ ನೋಡಬಹುದು ಎಂಬ ಭರವಸೆ.

ಮೊಬೈಲಿನ ವಿಷಯ. ಒಮ್ಮೆ ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ 1915ರಿಂದ ಚಿತ್ರಗಳ ಸಂಗ್ರಹವಿದೆ. ದೀಪ ಹಿಡಿದ ಹೆಂಗಸಿನ ಚಿತ್ರ ನೀವೂ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. ಅದು ರವಿವರ್ಮನದೆಂದು ಅನೇಕರು ತಿಳಿದಿದ್ದಾರೆ, ಬರೆದವರು ಎಸ್.ಎಲ್. ಹಲ್ದಣ್ಕರ್. ಜಲವರ್ಣದ ಚಿತ್ರ. ಕತ್ತಲಾಗಿಸಿದ ಕೋಣೆಯಲ್ಲಿ ಅದರ ಮುಂದೆ ನಿಂತ ಹುಡುಗಿಯೊಬ್ಬಳು, "ಸರ್, ಹಿಂದೆ ಬಲ್ಬ್ ಇಟ್ಟಿದ್ದಾರಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ಚೌಕಟ್ಟಿನ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿ ಬಂದಳು. ಆಮೇಲೆ ಬಹಳ ಹೊತ್ತು ಆ ಬೆರಳುಗಳ ಸಂದಿನ ಕೆಂಪನ್ನು ನೋಡುತ್ತಾ ನಿಂತಳು. ಕಾಗದದ ಬಿಳಿಯನ್ನು ಹಾಗೇ ಬಿಟ್ಟು ಸುತ್ತ ಕಪ್ಪಾಗಿಸಿದರೆ ಬೆಳಕು ಹುಟ್ಟುತ್ತದೆ ಎಂದು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಎಷ್ಟೋ ಸಲ ಹೇಳಿದ್ದೆ. ಮೊಬೈಲಿನಲ್ಲಿ ಆ ಪಾಠ ಆಗುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲ ಚಿತ್ರದ ಹಿಂದೆಯೂ ನಿಜವಾಗಿಯೇ ಬಲ್ಬ್ ಇರುತ್ತದೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಪಾಸಾದ ನನ್ನ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡ ಕಲಾವಿದನೊಬ್ಬನ ಮೂಲಚಿತ್ರವನ್ನು ಒಮ್ಮೆಯೂ ನೋಡಿರಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಶಾಲಾ ಪ್ರವಾಸ ತಪ್ಪಿಸಿಕೊಂಡ ಮಗುವಿಗೆ ಅದು ತುಂಬಾ ದೂರ.

ಇನ್ನೊಂದು ಸಂಗತಿ ಹೇಳಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿದ್ದಾಗ ನಾವು ಕೆಲವರು ಮಕ್ಕಳಿಗೆ ಕಾಗದ, ಕ್ರೇಯಾನ್ ಕೊಟ್ಟು ಕೂರಿಸಿದ್ದೆವು. ಏನು ಬರೆಯಬೇಕೆಂದು ಹೇಳಲಿಲ್ಲ. ಹೆಚ್ಚಿನವರು ಬರೆದದ್ದು ಮನೆ: ಕೆಂಪು ಹಂಚು, ಮುಂದೆ ಕಾಫಿ ಕಣ, ಬಾಳೆ, ನಾಯಿ. ಬಿದ್ದ ಮನೆಯನ್ನು ಬರೆದವರು ಕಡಿಮೆ. ಒಬ್ಬ ಹುಡುಗ ಹಾಳೆಯನ್ನೆಲ್ಲ ಕಂದು ಬಣ್ಣದಿಂದ ತುಂಬಿ ಮೂಲೆಯಲ್ಲಿ ಮಾತ್ರ ಒಂದು ತೆಂಗಿನಮರ ನಿಲ್ಲಿಸಿದ್ದ. ನೋಡಲು ಬಂದವರು ಕಣ್ಣೊರೆಸಿಕೊಂಡರು, ಫೋಟೊ ತೆಗೆದುಕೊಂಡರು. ಚಿತ್ರಗಳನ್ನು ಯಾರಿಗೆ ಒಪ್ಪಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಂದು ಕಚೇರಿಯ ಅಲಮಾರಿಗೆ ಹೋದ ಆ ಕಟ್ಟು ಆಮೇಲೆ ಎಲ್ಲಿ ಹೋಯಿತೋ. ಆ ವರ್ಷ ಕೊಡಗಿಗೆ ಏನಾಯಿತೆಂದು ಹೇಳುವ ವರದಿಗಳು ಬೇಕಾದಷ್ಟಿವೆ. ಆ ಮಕ್ಕಳ ಕಣ್ಣಿಗೆ ಅದು ಹೇಗೆ ಕಂಡಿತೆಂದು ಹೇಳುವ ಹಾಳೆಗಳು ಮಾತ್ರ ನಮ್ಮ ಕೈಯಲ್ಲಿಲ್ಲ. ಗ್ಯಾಲರಿ ಎಂದರೆ ಗೋಡೆಗಿಂತ ಹೆಚ್ಚಾಗಿ ಒಂದು ಕಪಾಟು ಮತ್ತು ಒಂದು ದಾಖಲೆ ಪುಸ್ತಕ ಎಂದು ನನಗೆ ಅನ್ನಿಸಿದ್ದು ಆಗ.

ಸರಿ, ಯಾರು ಬರುತ್ತಾರೆ? ಪ್ರವಾಸಿಗರು ಬರುತ್ತಾರೆ, ಅವರ ಬಗ್ಗೆ ನನಗೆ ಚಿಂತೆಯಿಲ್ಲ. ಕಣಿವೆ ನೋಡಲು ಹೋಗುವ ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಕವಿದು ಏನೂ ಕಾಣದಿದ್ದಾಗ ಎಲ್ಲಿಗಾದರೂ ನುಗ್ಗಲೇಬೇಕಲ್ಲ. ಆದರೆ ಅವರಿಗಾಗಿ ಕಟ್ಟಿದರೆ ಅದು ಸೆಲ್ಫಿ ತೆಗೆಯುವ ಜಾಗವಾಗಿ, ಪಕ್ಕದಲ್ಲಿ ಮನೆಯಲ್ಲೇ ಮಾಡಿದ ಚಾಕೊಲೇಟಿನ ಅಂಗಡಿಯಾಗಿ ಮುಗಿಯುತ್ತದೆ. ಶುಕ್ರವಾರದ ಸಂತೆಗೆ ಬರುವವರು ಬರುವಂತಿರಬೇಕು. ಬಸ್ಸಿಗೆ ಇನ್ನೂ ಒಂದು ಗಂಟೆಯಿದೆ, ಕೈಯಲ್ಲಿ ತರಕಾರಿ ಚೀಲವಿದೆ, ಹೊರಗೆ ಮಳೆ. ಚೀಲವನ್ನು ಬಾಗಿಲ ಬಳಿ ಇಟ್ಟು ಒಳಗೆ ಬರಬಹುದು, ಚಪ್ಪಲಿಯ ಕೆಸರಿಗೆ ಯಾರೂ ಮುಖ ಸಿಂಡರಿಸುವುದಿಲ್ಲ ಎಂದಾದರೆ ಜನ ಬರುತ್ತಾರೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಮಗು ಮತ್ತು ಅದೇ ಎಸ್ಟೇಟಿನ ಧಣಿಯ ಮೊಮ್ಮಗಳು ಒಂದೇ ಚಿತ್ರದ ಮುಂದೆ ಸಮಾನವಾಗಿ ನಿಲ್ಲುವ ಜಾಗಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂದು ನೀವೇ ಯೋಚಿಸಿ. ಕೊಡವರ, ಅರೆಭಾಷೆಯವರ, ಯರವರ, ಕುರುಬರ ಕೈಕೆಲಸ ಒಂದೇ ಸೂರಿನಡಿ ಇದ್ದರೆ ಒಬ್ಬರದನ್ನು ಇನ್ನೊಬ್ಬರು ಹಬ್ಬದ ವೇದಿಕೆಯ ಗದ್ದಲವಿಲ್ಲದೆ ನೋಡಬಹುದು. ಕುಶಾಲನಗರದಾಚೆ ಹೊಳೆ ದಾಟಿದರೆ ಬೈಲುಕುಪ್ಪೆಯ ಟಿಬೆಟನ್ನರು ಬಟ್ಟೆಯ ಮೇಲೆ ಬರೆಯುವ ಬೌದ್ಧ ಥಂಕಾ ಚಿತ್ರಗಳಿವೆ, ಅವರನ್ನೂ ಕರೆಯಬಹುದು.

ನಮ್ಮಲ್ಲಿ ಗ್ಯಾಲರಿಯ ನಿಜವಾದ ಶತ್ರು ಮಳೆ, ಅದನ್ನು ಯಾರೂ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಬೆಲ್ಟು, ಶೂಗಳಿಗೇ ಬೂಷ್ಟು ಹಿಡಿಯುವ ಊರಿದು. ಗಾಳಿಯ ತೇವಾಂಶ ಶೇಕಡಾ 65 ದಾಟಿ ಅಲ್ಲೇ ನಿಂತರೆ ಕಾಗದ, ಕ್ಯಾನ್ವಾಸುಗಳಿಗೂ ಅದೇ ಗತಿ. ತೇವ ಹೀರುವ ಯಂತ್ರ ಬೇಕು, ಕರೆಂಟು ಹೋದಾಗಲೂ ಅದು ಓಡಬೇಕು. ಚಿತ್ರವನ್ನು ಮಳೆ ಹೊಡೆಯುವ ಹೊರಗೋಡೆಗೆ ತೂಗಬಾರದು, ಚೌಕಟ್ಟಿನ ಹಿಂದೆ ಬೆರಳು ಹೋಗುವಷ್ಟು ಗಾಳಿಯಾಡಬೇಕು, ಗಾಜು ಕಾಗದಕ್ಕೆ ತಾಗಬಾರದು. ಜಲವರ್ಣಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ. ಉದ್ಘಾಟನೆಯ ದಿನ ಫ್ಲಡ್‌ಲೈಟ್ ಹಾಕುವವರಿಗೆ ಇದನ್ನು ಮುಂಚೆಯೇ ಹೇಳಿರಬೇಕು.

ಹೊಸ ಕಟ್ಟಡ ಬೇಡ ಎಂಬುದು ನನ್ನ ಅಭಿಪ್ರಾಯ. ಮಡಿಕೇರಿಯಲ್ಲಿ ಸೇನೆಯ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಎಷ್ಟೋ ಕಾಲ ಸಾರಿಗೆ ಕಚೇರಿಯಾಗಿತ್ತು, ಲೈಸೆನ್ಸ್ ಮಾಡಿಸಲು ಹೋಗಿ ಬಂದವರು ಈಗಲೂ ಇದ್ದಾರೆ. ಅದೇ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮನಸ್ಸು ಮಾಡಿದರೆ ಹಳೆಯ ಮನೆಗೆ ಹೊಸ ಬಾಳು ಕೊಡಲು ನಮಗೆ ಬರುತ್ತದೆ. ಕೇರಳದವರು 2012ರಲ್ಲಿ ಕೊಚ್ಚಿ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ಆರಂಭಿಸಿದಾಗ ಫೋರ್ಟ್ ಕೊಚ್ಚಿಯ ಹಳೆಯ ವ್ಯಾಪಾರಿ ಗೋದಾಮುಗಳನ್ನೇ ಬಳಸಿಕೊಂಡರು. ನಮ್ಮಲ್ಲೂ ಕೆಲಸ ನಿಂತ ಕಾಫಿ ಗೋದಾಮುಗಳಿವೆ. ಕಾಫಿ ಒಣಗಿರಲಿ ಎಂದೇ ಕಟ್ಟಿದ ಗೋಡೆಗಳು ಅವು.

ಕಟ್ಟಡಕ್ಕಿಂತ ಕಷ್ಟವಾದದ್ದು ನಡೆಸುವುದು. ಬೀಗದಕೈ ಇರುವ, ಸಂಬಳ ತಿಂಗಳು ತಿಂಗಳು ಬರುವ, ಚಿತ್ರದ ಬಗ್ಗೆ ಎರಡು ಮಾತು ಹೇಳಬಲ್ಲ ಒಬ್ಬ ವ್ಯಕ್ತಿ ಇಲ್ಲದಿದ್ದರೆ ಆ ಜಾಗ ಮೂರನೆಯ ವರ್ಷಕ್ಕೆ ಚುನಾವಣಾ ಸಾಮಗ್ರಿ ಇಡುವ ಕೋಣೆಯಾಗುತ್ತದೆ. ಹಾಗೆಂದು ಖಾಸಗಿಯವರ ಕೈಗೆ ಕೊಡುವುದಕ್ಕೂ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಸರ್ಕಾರಿ ಗ್ಯಾಲರಿಯಾದ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಮಾತು ಬಂದಾಗ, 2016ರಲ್ಲಿ, ಕಲಾವಿದರು ಬೀದಿಗಿಳಿದರು. ಕೆಲವರು ಅದನ್ನು ಹಟವೆಂದರು. ಹೆಸರಿಲ್ಲದ ಹುಡುಗನೊಬ್ಬ ಕಡಿಮೆ ಬಾಡಿಗೆ ಕಟ್ಟಿ ತನ್ನ ಮೊದಲ ಪ್ರದರ್ಶನ ಇಡುವ ಜಾಗ ಸರ್ಕಾರದ್ದಲ್ಲದೆ ಇನ್ನಾರದಿದ್ದೀತು? ಖಾಸಗಿ ಗ್ಯಾಲರಿ ಮಾರಾಟವಾಗುವುದನ್ನು ತೂಗುಹಾಕುತ್ತದೆ, ಅದು ಅದರ ಕಸುಬು, ತಪ್ಪೇನಿಲ್ಲ.

ನಿಮ್ಮ ಊರು ಯಾವುದೆಂದು ನೀವು ಬರೆದಿಲ್ಲ. ಆದರೂ ಒಂದು ಸಲಹೆ. ಮೊದಲೇ ಅರ್ಜಿ ಹಿಡಿದು ಕಚೇರಿಗೆ ಹೋಗಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಕೊಡವ ಹಾಕಿ ಹಬ್ಬ ನಡೆಯುತ್ತದೆ. 1997ರಲ್ಲಿ ಆರಂಭವಾದ ಆ ಹಬ್ಬವನ್ನು ಪ್ರತಿ ಸಲ ಒಂದೊಂದು ಕುಟುಂಬ ಹೊತ್ತು ನಡೆಸುತ್ತದೆ. ಆ ಹೊತ್ತಿಗೆ ಕಾಫಿ ಕುಯ್ಲು ಮುಗಿದಿರುತ್ತದೆ, ಶಾಲೆಗೆ ರಜೆ, ಮಳೆಗಾಲ ಇನ್ನೂ ಹಿಡಿದಿರುವುದಿಲ್ಲ, ಜಿಲ್ಲೆಯ ಜನವೆಲ್ಲ ಮೈದಾನದ ಸುತ್ತ ಇರುತ್ತಾರೆ. ಆತಿಥ್ಯ ವಹಿಸಿದ ಕುಟುಂಬದವರನ್ನು ಕೇಳಿ, ಹತ್ತಿರದ ಶಾಲೆಯ ಎರಡು ಕೋಣೆ ಬಿಡಿಸಿಕೊಳ್ಳಿ. ಒಂದರಲ್ಲಿ ಮನೆಗಳಿಂದ ಎರವಲು ತಂದ ವಸ್ತುಗಳು, ಪ್ರತಿಯೊಂದಕ್ಕೂ ರಸೀದಿ ಕೊಟ್ಟು, ಕಾವಲಿಗೆ ಜನ ಇಟ್ಟು. ಇನ್ನೊಂದರಲ್ಲಿ ಜಿಲ್ಲೆಯ ಹುಡುಗ ಹುಡುಗಿಯರ ಚಿತ್ರಗಳು ಮತ್ತು ಯಾವುದಾದರೂ ದಸರಾ ಮಂಟಪದ ಒಂದು ತಲೆ. ಸಮಿತಿಯವರು ಕೇಳಿದರೆ ಖಂಡಿತ ಕೊಡುತ್ತಾರೆ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟು ಬಂದವರ ಹೆಸರು, ಊರು ಬರೆಸಿಕೊಳ್ಳಿ. ನಗರಸಭೆಗೋ ಇಲಾಖೆಗೋ ಅರ್ಜಿ ಕೊಡುವಾಗ ಆ ಪುಸ್ತಕದ ನಕಲನ್ನು ಲಗತ್ತಿಸಿ. ಚೌಕಟ್ಟು ಹಾಕಲು, ತೂಗಲು ಕೈ ಬೇಕಿದ್ದರೆ ಇಲ್ಲೇ ತಿಳಿಸಿ, ಬರುತ್ತೇನೆ.