ಕ್ರೋನಟ್ ಎಣ್ಣೆ ಎಣ್ಣೆ ಅನ್ನಿಸಿದರೆ ತಪ್ಪು ನಿಮ್ಮ ನಾಲಿಗೆಯದಲ್ಲ

ಕ್ರೋನಟ್, ಕ್ರಫಿನ್ ಅಂತ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಪದರ ಪದರವಾಗಿ ಮಡಚಿ ಬೇಯಿಸುವ ತಿಂಡಿ ಕ್ರೊಸಾಂಟ್. ಅದನ್ನು ಹೋಲುವ ಹಿಟ್ಟನ್ನು ಡೋನಟ್‌ನ ಹಾಗೆ ಉಂಗುರ ಮಾಡಿ ಕರಿದದ್ದು ಕ್ರೋನಟ್, ಪುಟ್ಟ ಕೇಕಿನ ಅಚ್ಚಿನಲ್ಲಿ ಬೇಯಿಸಿದ್ದು ಕ್ರಫಿನ್. ಯಾವುದೋ ವಿಡಿಯೊ ನಂಬಿ ಹಿಟ್ಟು, ಬೆಣ್ಣೆ ಎರಡನ್ನೂ ಹಾಳು ಮಾಡಿಕೊಂಡವರೂ ಬರೆದಿದ್ದಾರೆ. ಇವತ್ತು ಇದನ್ನೇ ಮಾತಾಡೋಣ.

ಪ್ರಶ್ನೆ: ಮೊದಲ ಸಲ ಕ್ರೋನಟ್ ತಿಂದೆ. ಕೈಯೆಲ್ಲ ಜಿಡ್ಡು, ಒಳಗೆ ಅಂಟಂಟು. ಮೂರನೇ ತುತ್ತಿಗೇ ಸಾಕಾಯಿತು. ಎಲ್ಲರೂ ಅಷ್ಟು ಹೊಗಳುತ್ತಾರೆ, ನನಗೇ ರುಚಿ ಗೊತ್ತಾಗುವುದಿಲ್ವಾ?

ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ನಿಮಗೆ ಸಿಕ್ಕಿದ್ದು ಹದ ತಪ್ಪಿದ ತಿಂಡಿ. ಹತ್ತು ಜನ ಹೊಗಳಿದರು ಅಂತ ನಮ್ಮ ಬಾಯಿಯನ್ನೇ ಅನುಮಾನಿಸುವುದು ನನಗೆ ತುಂಬಾ ಬೇಜಾರು ತರುವ ವಿಷಯ.

ಇದು ಹುಟ್ಟಿದ್ದು 2013ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಡೊಮಿನಿಕ್ ಆನ್ಸೆಲ್ ಅವರ ಬೇಕರಿಯಲ್ಲಿ. ಕ್ರೋನಟ್ ಅನ್ನುವುದು ಅವರ ನೋಂದಾಯಿತ ಹೆಸರು. ಬೇರೆ ಕಡೆ ಸಿಗುವುದೆಲ್ಲ ಅದನ್ನು ನೋಡಿ ಮಾಡಿದ್ದು. ಅವರಲ್ಲಿ ಹಿಟ್ಟು ಕಲಸಿದ್ದರಿಂದ ಹಿಡಿದು ಮುಗಿಯುವವರೆಗೆ ಸುಮಾರು ಮೂರು ದಿನ ಹಿಡಿಯುತ್ತದೆ. ಕ್ರೊಸಾಂಟ್ ಹಿಟ್ಟನ್ನು ಸುಮ್ನೆ ಎಣ್ಣೆಗೆ ಬಿಟ್ಟರೆ ಕ್ರೋನಟ್ ಆಗುವುದಿಲ್ಲ. ಪದರಗಳು ಬಿಚ್ಚಿಕೊಂಡು ಬೆಣ್ಣೆ ಹೊರಗೆ ಸೋರುತ್ತದೆ, ಎಣ್ಣೆ ಒಳಗೆ ನುಗ್ಗುತ್ತದೆ.

ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರು ಇರುತ್ತದೆ. ಬಿಸಿ ತಗುಲಿದಾಗ ಆ ನೀರು ಹಬೆಯಾಗಿ ಪದರಗಳನ್ನು ಮೇಲಕ್ಕೆ ಎತ್ತುತ್ತದೆ. ಬೆಣ್ಣೆ ಒಳಗಿಟ್ಟ ಹಿಟ್ಟನ್ನು ಮೂರು ಮಡಿಕೆಯಂತೆ ಮೂರು ಸಲ ಮಡಚಿದರೆ ಬೆಣ್ಣೆಯ 27 ಪದರ ಬರುತ್ತವೆ. ಆ 27ನ್ನೂ ಬಾಣಲೆಯವರೆಗೆ ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಬೆಣ್ಣೆ 32 ಡಿಗ್ರಿ ದಾಟಿದರೆ ನಿಲ್ಲುವುದಿಲ್ಲ, ಕರಗುತ್ತದೆ. ಹಿಟ್ಟು ಬೇಗ ಉಬ್ಬಲಿ ಅಂತ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಕತೆ ಮುಗೀತು. ನನ್ನ ಕೈಯಲ್ಲೂ ಒಮ್ಮೆ ಹೀಗಾಗಿದೆ. ತಟ್ಟೆ ಎತ್ತಿ ನೋಡಿದರೆ ಅಡಿಯಲ್ಲಿ ಹಳದಿ ಬೆಣ್ಣೆ ನಿಂತಿತ್ತು, ಮೇಲಿನ ಹಿಟ್ಟು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅಷ್ಟನ್ನೂ ಎಸೆದೆ. ಕೆಲವರು ಎಸೆಯುವುದಿಲ್ಲ. ಅದನ್ನೇ ಕರಿದು, ಮೇಲೆ ದಪ್ಪಗೆ ಸಕ್ಕರೆ ಪಾಕ ಬಳಿದು ಮಾರುತ್ತಾರೆ.

ಎಣ್ಣೆಯ ಕಾವೂ ಅಷ್ಟೇ ಮುಖ್ಯ. ಸುಮಾರು 175 ಡಿಗ್ರಿ ಇರಬೇಕು. ಕಡಿಮೆಯಾದರೆ ತಿಂಡಿ ಎಣ್ಣೆ ಕುಡಿಯುತ್ತದೆ, ಜಾಸ್ತಿಯಾದರೆ ಹೊರಗೆ ಕೆಂಪು, ಒಳಗೆ ಹಸಿ. ನಿಮ್ಮ ಅಂಟಂಟು ಬಂದಿದ್ದು ಇಲ್ಲಿಂದಲೇ ಇರಬೇಕು.

ಮುಂದಿನ ಸಲ ಕಚ್ಚುವ ಮೊದಲು ಕತ್ತರಿಸಿ. ಹಲ್ಲಿರುವ ಬ್ರೆಡ್ ಚಾಕು ತೆಗೆದುಕೊಳ್ಳಿ, ಒತ್ತಬೇಡಿ, ಗರಗಸದ ಹಾಗೆ ಆಡಿಸಿ. ಕತ್ತರಿಸಿದ ಜಾಗವನ್ನು ಬೆಳಕಿಗೆ ಹಿಡಿಯಿರಿ. ಎಲೆ ಎಲೆಯಾಗಿ ಪದರ, ನಡುನಡುವೆ ಗಾಳಿಯ ಜಾಗ ಕಂಡರೆ ಮಾಡಿದವರಿಗೆ ಕೆಲಸ ಗೊತ್ತು. ತಳದಲ್ಲಿ ಬೂದುಬಣ್ಣದ, ಮೇಣದಂಥ ಒಂದು ಪಟ್ಟಿ ಕಂಡರೆ ಅದು ಬೆಂದಿಲ್ಲ, ತಿನ್ನಬೇಡಿ. ನುಂಗಿದ ಮೇಲೂ ಅಂಗುಳಕ್ಕೆ ಜಿಡ್ಡು ಅಂಟಿಕೊಂಡೇ ಇದ್ದರೆ ಬೆಣ್ಣೆಯ ಬದಲು ಬಾಯಿಯ ಬಿಸಿಗೆ ಕರಗದ ಗಟ್ಟಿ ಕೊಬ್ಬು ಹಾಕಿರುತ್ತಾರೆ. ಒಳ್ಳೆ ಬೆಣ್ಣೆ ಹಾಗೆ ಉಳಿಯುವುದಿಲ್ಲ.

ಇನ್ನೊಂದು ಮಾತು. ಕ್ರೀಮ್, ಪಾಕ, ಸಕ್ಕರೆ ಮೂರೂ ಸೇರಿರುವುದರಿಂದ ಒಬ್ಬರೇ ಇಡೀ ಒಂದನ್ನು ತಿನ್ನಬೇಕಿಲ್ಲ. ಅರ್ಧ ಸಾಕು. ಮಾಡಿದ ಕೆಲವೇ ಗಂಟೆಗಳಲ್ಲಿ ತಿನ್ನಿ. ಬೆಳಗ್ಗೆ ಕರಿದದ್ದನ್ನು ಸಂಜೆ ತಿಂದು ತೀರ್ಪು ಕೊಡುವುದು ಆ ತಿಂಡಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಮಿಕ್ಕಿದ್ದನ್ನು ಫ್ರಿಜ್‌ನಲ್ಲಿ ಇಡಬಹುದಾ?

ಫ್ರಿಜ್‌ನಲ್ಲಿಟ್ಟರೆ ಪದರ ಚರ್ಮದ ಹಾಗಾಗುತ್ತದೆ, ಹೊರಗಿಟ್ಟರೆ ಕ್ರೀಮ್ ಕೆಡುತ್ತದೆ. ಮಿಗಿಸಬೇಡಿ.

ಪ್ರಶ್ನೆ: ಹತ್ತೇ ನಿಮಿಷದಲ್ಲಿ ಮನೆಯಲ್ಲೇ ಕ್ರೋನಟ್ ಮಾಡುವ ವಿಡಿಯೊ ನೋಡಿದೆ. ನಿಜವಾ?

ಸುಳ್ಳು.

ಪ್ರಶ್ನೆ: ತಿಂದ ಮೇಲೆ ಬಿಸಿನೀರು ಕುಡಿದರೆ ಕೊಬ್ಬು ಕರಗಿ ಹೋಗುತ್ತದಂತೆ?

ನಿಮ್ಮ ಮೈಯ ಬಿಸಿಯೇ 37 ಡಿಗ್ರಿ. ಬೆಣ್ಣೆ ಹೊಟ್ಟೆ ಸೇರುವ ಮೊದಲೇ ಕರಗಿರುತ್ತದೆ. ಕರಗುವುದು ಬೇರೆ, ಮೈಯಿಂದ ಹೋಗುವುದು ಬೇರೆ. ಇದನ್ನು ಹೇಳಿ ಪುಡಿ, ಕಷಾಯ ಮಾರುವವರನ್ನು ಹತ್ತಿರ ಸೇರಿಸಬೇಡಿ. ‘ಶುಗರ್ ಇರುವವರೂ ಧಾರಾಳವಾಗಿ ತಿನ್ನಬಹುದಾದ ಕ್ರೋನಟ್’ ಅಂತ ಮಾರುವವರನ್ನೂ ಅಷ್ಟೇ. ಸಕ್ಕರೆ ತೆಗೆದರೂ ಮೈದಾ ಹಾಗೇ ಇದೆ. ಅದೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ.

ಪ್ರಶ್ನೆ: ಕ್ರೋನಟ್ ತಿಂದು ನೂರಾರು ಜನ ಕಾಯಿಲೆ ಬಿದ್ದರಂತೆ. ಭಯವಾಗುತ್ತಿದೆ.

ಅರ್ಧ ನಿಜ. 2013ರ ಆಗಸ್ಟ್‌ನಲ್ಲಿ ಟೊರೊಂಟೊದ ದೊಡ್ಡ ಮೇಳವೊಂದರಲ್ಲಿ ಕ್ರೋನಟ್ ಮಾದರಿಯ ತಿಂಡಿಯೊಳಗೆ ಬರ್ಗರ್ ಇಟ್ಟು ಮಾರಿದ್ದರು. 200ಕ್ಕೂ ಹೆಚ್ಚು ಜನಕ್ಕೆ ವಾಂತಿ, ಭೇದಿ ಆಯಿತು. ತನಿಖೆಯಲ್ಲಿ ಸಿಕ್ಕಿದ್ದು ಅದರ ಮೇಲೆ ಹಾಕಿದ್ದ ಮೇಪಲ್ ಬೇಕನ್ ಜಾಮ್‌ನಲ್ಲಿ (ಮೇಪಲ್ ಪಾಕ, ಹಂದಿಮಾಂಸ ಸೇರಿಸಿದ ಜಾಮ್), ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ವಿಷ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಕರಿದ ಹಿಟ್ಟಿಗೆ ಹೆದರಬೇಡಿ. ಒಳಗೆ ತುಂಬಿದ್ದು, ಮೇಲೆ ಸುರಿದದ್ದು ಎಷ್ಟು ಹೊತ್ತು ಹೊರಗಿತ್ತು ಅಂತ ಕೇಳಿ. ಕ್ರೀಮ್ ತುಂಬಿದ್ದು ಎರಡು ಗಂಟೆಗಿಂತ ಜಾಸ್ತಿ ಹೊರಗಿದ್ದರೆ ನಾನು ಮುಟ್ಟುವುದಿಲ್ಲ. ಅತಿಯಾಯಿತು ಅನ್ನುವವರಿದ್ದಾರೆ, ಅನ್ನಲಿ.

ಪ್ರಶ್ನೆ: ಕ್ರಫಿನ್, ಕ್ರೋನಟ್ ಒಂದೇನಾ?

ಅಲ್ಲ. ಕ್ರಫಿನ್ ಮಫಿನ್ ಅಚ್ಚಿನಲ್ಲಿ, ಓವನ್ ಒಳಗೆ ಬೇಯುತ್ತದೆ. ಅದೂ 2013ರಲ್ಲೇ ಬಂದದ್ದು, ಮೆಲ್ಬರ್ನ್‌ನ ಲೂನ್ ಅನ್ನುವ ಬೇಕರಿಯಲ್ಲಿ ಕೇಟ್ ರೀಡ್ ಅವರ ಕೈಯಿಂದ. ಕರಿದದ್ದು ಒಗ್ಗದವರು ಅದರಿಂದಲೇ ಶುರು ಮಾಡಿ. ಅದನ್ನೂ ಕತ್ತರಿಸಿ ನೋಡಿಯೇ ತಿನ್ನಿ.