ಗಿಡ್ಡ ಪರದೆಗೆ ಲೇಸ್ ಮದ್ದಲ್ಲ

ಪರದೆ ಗಿಡ್ಡವಾಯ್ತು, ಏನು ಮಾಡಲಿ? ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಬಹಳ ಮಂದಿ ನನ್ನನ್ನು ಕೇಳುವ ಹೊತ್ತಿಗೆ ಲೇಸ್ ಕೊಂಡು ತಂದಾಗಿರುತ್ತದೆ! ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ. ಟೇಪ್ ಹಿಡಿದು ಅಳೆಯುವುದು, ಮಷೀನಿಗೆ ನೂಲು ಪೋಣಿಸುವುದು ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ಪ್ರಶ್ನೆ: ಮನೆ ಬದಲಿಸಿದೆವು. ನಮ್ಮ ಹತ್ತಿ ಪರದೆಗಳು 84 ಇಂಚು ಉದ್ದ. ಹೊಸ ಮನೆಯಲ್ಲಿ ಅವು ನೆಲದಿಂದ ಏಳೂವರೆ ಇಂಚು ಮೇಲೇ ನಿಲ್ಲುತ್ತವೆ. ಮೇಲ್ತುದಿಯಲ್ಲಿ ಲೋಹದ ಐಲೆಟ್ ಇವೆ, ರಾಡ್ ಅವುಗಳೊಳಗೇ ಹೋಗುತ್ತದೆ. ರಾಡ್ ಕಿಟಕಿ ಚೌಕಟ್ಟಿಗಿಂತ 4 ಇಂಚು ಮೇಲಿದೆ. ಕೆಳಗೆ ಅಗಲದ ಲೇಸ್ ಹಚ್ಚಿದರೆ ಸಾಕಲ್ವಾ?

ಉತ್ತರ: ಸಾಲದು. ಲೇಸ್ ಹಗುರ. ಪರದೆಯ ತುದಿಯಲ್ಲಿ ತೂಕ ಇರಬೇಕು, ಆಗಲೇ ನೆರಿಗೆ ನೆಟ್ಟಗೆ ಇಳಿಯುವುದು. ಹಗುರ ತುದಿ ಫ್ಯಾನ್ ಗಾಳಿಗೆಲ್ಲ ಎದ್ದು ಕುಣಿಯುತ್ತದೆ. ಮೇಲಾಗಿ ಅಂಥ ಉದ್ದದ ಪರದೆಗೆ ಏಳು ಇಂಚಿನ ತುಂಡು ಸೇರಿಸಿದರೆ, ಬೆಳೆದ ಹುಡುಗನ ಪೈಜಾಮಕ್ಕೆ ಬಟ್ಟೆ ಹಚ್ಚಿದ ಹಾಗೆ ಕಾಣುತ್ತದೆ. ಬೇಕೆಂದೇ ಮಾಡಿದ್ದು ಅಂತ ಯಾರಿಗೂ ಅನ್ನಿಸುವುದಿಲ್ಲ.

ಮೊದಲು ಲೆಕ್ಕ ನೋಡೋಣ. ತುದಿ ನೆಲ ಗುಡಿಸದಿರಲಿ ಅಂತ ಅರ್ಧ ಇಂಚು ಬಿಡಿ. ಅಲ್ಲಿಗೆ ಬೇಕಾದದ್ದು 7 ಇಂಚು. ಒಂದೆರಡು ಇಂಚಿನ ಕೊರತೆ ಆಗಿದ್ದರೆ, ಪರದೆಯೂ ಐಲೆಟ್ ಇಲ್ಲದ್ದಾಗಿದ್ದರೆ, ಕ್ಲಿಪ್ ಇರುವ ರಿಂಗ್ ಹಾಕಿ ಮುಗಿಸಬಹುದಿತ್ತು. ರಿಂಗಿನ ಉದ್ದದಷ್ಟು ಪರದೆ ಕೆಳಗಿಳಿಯುತ್ತದೆ. ನಿಮ್ಮದು ಐಲೆಟ್. ಕ್ಲಿಪ್ಪಿಗೆ ತೂಗಿದರೆ ಆ ತೂತುಗಳೆಲ್ಲ ಸಾಲಾಗಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ.

ಇನ್ನು ಕೆಳಗಿನ ಮಡಿಕೆ. ಅಂಚನ್ನು ತಿರುಗಿಸಿ ನೋಡಿ. 3 ಇಂಚಿನ ಜೋಡು ಮಡಿಕೆ, ಅಂದರೆ 3 ಇಂಚಿನಂತೆ ಎರಡು ಸಲ ಮಡಚಿದ್ದು ಇದ್ದರೆ, ಒಳಗೆ 6 ಇಂಚು ಬಟ್ಟೆ ಇರುತ್ತದೆ. ಹೊಲಿಗೆ ಬಿಚ್ಚಿ ಹಿಂಬದಿಗೆ ತೆಳು ಬಟ್ಟೆಯ ಪಟ್ಟಿ ಕೊಟ್ಟರೆ, ಹೊಲಿಗೆಗೆ ಅರ್ಧ ಹೋಗಿ ಐದೂವರೆ ಇಂಚು ಸಿಗುತ್ತದೆ. ಉಳಿದ ಒಂದೂವರೆಗೆ ರಾಡ್ ಇಳಿಸಿದರೆ ಲೆಕ್ಕವೇನೋ ಸರಿಹೋಗುತ್ತದೆ. ಆದರೂ ನಾನಾದರೆ ಮಾಡುವುದಿಲ್ಲ. ಹಳೆಯ ತೂತಿನಿಂದ ಒಂದೂವರೆ ಇಂಚು ಕೆಳಗೆ ಮತ್ತೆ ಡ್ರಿಲ್ ಹಿಡಿದರೆ ಎರಡರ ನಡುವಿನ ಗಾರೆ ಉದುರುವುದೇ ಹೆಚ್ಚು, ಸ್ಕ್ರೂ ಕಚ್ಚುವುದಿಲ್ಲ. ಬಿಚ್ಚಿದ ಮಡಿಕೆಯೊಳಗಿನ ಬಟ್ಟೆ ಬಿಸಿಲನ್ನೇ ಕಂಡಿರುವುದಿಲ್ಲ. ಮೇಲಿನದು ಮಾಸಿರುತ್ತದೆ, ಕೆಳಗಿನದು ಹೊಸದರಂತೆ ಇರುತ್ತದೆ. ನಡುವೆ ಹಳೇ ಮಡಿಕೆಯ ಗೆರೆ. ಎಷ್ಟು ಇಸ್ತ್ರಿ ಉಜ್ಜಿದರೂ ಆ ಗೆರೆ ಪೂರ್ತಿ ಹೋಗುವುದು ಕಷ್ಟ. ಹೆಚ್ಚು ಬಳಸದ ಪರದೆಗೆ ಈ ದಾರಿ ಸರಿ, ನಿಮ್ಮದಕ್ಕೆ ಅಲ್ಲ.

ನಿಮಗೆ ಬೇಕಾದದ್ದು ಪರದೆಯ ಕೆಳಗೆ ಜೋಡಿಸುವ ಬೇರೆ ಬಟ್ಟೆಯ ಪಟ್ಟಿ. ಕೊರತೆಯಷ್ಟೇ ಪಟ್ಟಿ ಅಲ್ಲ, ಅದಕ್ಕಿಂತ ದೊಡ್ಡದು. ಒಟ್ಟು ಉದ್ದದ ಹೆಚ್ಚುಕಡಿಮೆ ಐದನೇ ಒಂದು ಭಾಗ ಇರಲಿ. ನಿಮಗೆ ಬೇಕಾದ ಉದ್ದ 91 ಇಂಚು, ಪಟ್ಟಿ 18 ಇಂಚು ಕಾಣಲಿ. ಹಾಗಾದರೆ ಹಳೆ ಪರದೆಯನ್ನು ಮೇಲಿನ ಅಂಚಿನಿಂದ ಅಳೆದು ಎಪ್ಪತ್ಮೂರೂವರೆ ಇಂಚಿಗೆ ಕತ್ತರಿಸಿ. ಆ ಅರ್ಧ ಇಂಚು ಹೊಲಿಗೆಗೆ. ಕೆಳಗಿನಿಂದ ಅಳೆಯಬೇಡಿ, ಹಳೆ ಅಂಚು ನೇರವಾಗಿರುತ್ತದೆ ಅನ್ನುವ ಭರವಸೆ ನನಗಿಲ್ಲ. ಪಟ್ಟಿಗೆ ಇಪ್ಪತ್ನಾಲ್ಕೂವರೆ ಇಂಚು ಉದ್ದದ ಬಟ್ಟೆ ಬೇಕು: ಕಾಣುವ 18, ಹೊಲಿಗೆಗೆ ಅರ್ಧ, ಜೋಡು ಮಡಿಕೆಗೆ 6. ಅಗಲ ಮಾತ್ರ ಕಿಟಕಿಯ ಅಳತೆಯಲ್ಲ, ಪರದೆಯನ್ನು ನೆರಿಗೆ ಬಿಡಿಸಿ ಪೂರ್ತಿ ಹರಡಿದಾಗಿನ ಅಳತೆ. ಎರಡು ಬದಿಯ ಮಡಿಕೆಗೂ ಬಟ್ಟೆ ಸೇರಿಸಿ. ಇಲ್ಲಿ ಎಡವಿ, ಅರ್ಧ ಬಟ್ಟೆ ತಂದು ಅಂಗಡಿಗೆ ಮತ್ತೆ ಓಡಿದವರು ಜಾಸ್ತಿ.

ಬಣ್ಣ ಹೊಂದಿಸಲು ಹೋಗಬೇಡಿ. ಹಳೆ ಬಟ್ಟೆಯ ಬಣ್ಣ ಹೊಸದರಲ್ಲಿ ಸಿಗದು, ಹತ್ತಿರದ ಬಣ್ಣ ತಂದರೆ ತಪ್ಪಾಗಿ ತಂದಂತೆ ಕಾಣುತ್ತದೆ. ಎದ್ದು ಕಾಣುವಷ್ಟು ಬೇರೆಯದೇ, ಸ್ವಲ್ಪ ಗಾಢವಾದದ್ದು ತನ್ನಿ. ತೂಕ ಪರದೆಯಷ್ಟೇ ಅಥವಾ ತುಸು ಹೆಚ್ಚು ಇರಲಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬೇಡ.

ಕತ್ತರಿ ಹಾಕುವ ಮೊದಲು ಹೊಸ ಬಟ್ಟೆಯನ್ನು ಒಗೆಯಿರಿ. ಹತ್ತಿ ಮೊದಲ ಒಗೆತದಲ್ಲೇ ನೂರಕ್ಕೆ 3ರಿಂದ 5ರಷ್ಟು ಕುಗ್ಗಬಹುದು. ಹಾಗೇ ಹೊಲಿದರೆ ಒಗೆದ ಮೇಲೆ ಪಟ್ಟಿ ಅಗಲಕ್ಕೂ ಕುಗ್ಗಿ, ಜೋಡಿಸಿದ ಗೆರೆಯ ಉದ್ದಕ್ಕೂ ಪರದೆ ಸುಕ್ಕಾಗುತ್ತದೆ. ಹೊಲಿದಾದ ಮೇಲೆ ಒಳಗಿನ ಅಂಚನ್ನು ಗಾಢ ಬಣ್ಣದ ಕಡೆಗೇ ಮಡಚಿ ಇಸ್ತ್ರಿ ಮಾಡಿ. ಇಲ್ಲದಿದ್ದರೆ ಬೆಳಕು ಬಿದ್ದಾಗ ತೆಳು ಬಣ್ಣದ ಹಿಂದೆ ಕಪ್ಪು ಗೆರೆ ಕಾಣುತ್ತದೆ. ಕೆಳಗಿನ ಮಡಿಕೆಯನ್ನು ಮಾತ್ರ ಆಗಲೇ ಹೊಲಿಯಬೇಡಿ. ಪಿನ್ ಚುಚ್ಚಿ, ಎರಡು ದಿನ ತೂಗಲು ಬಿಡಿ. ಬಟ್ಟೆ ತನ್ನ ಭಾರಕ್ಕೆ ಇಳಿದು ನಿಂತ ಮೇಲೆ ನೆಲದಿಂದ ಅಳೆದು ಹೊಲಿಯಿರಿ. ಅಸ್ತರು ಇದ್ದರೆ ಅದನ್ನೂ ಉದ್ದ ಮಾಡಿ, ಆದರೆ ಒಂದಿಂಚು ಗಿಡ್ಡವಾಗಿಯೇ ಇರಲಿ, ಇಣುಕಬಾರದು.

ಪ್ರಶ್ನೆ: ಹೊಲಿಯಲು ಬರುವುದಿಲ್ಲ. ಇಸ್ತ್ರಿಯಿಂದ ಅಂಟಿಸುವ ಟೇಪ್ ಸಾಕಾ?

ಉತ್ತರ: ಸಣ್ಣ ಮಡಿಕೆಗೆ ಸಾಕು, ಭಾರ ಹೊರುವ ಜೋಡಣೆಗೆ ಬೇಡ. ಒಗೆತಕ್ಕೆ ಸಿಕ್ಕರೆ ಅಲ್ಲಲ್ಲಿ ಬಿಡುತ್ತದೆ, ಅಂಟಿನ ಕಲೆ ಮಾತ್ರ ಉಳಿಯುತ್ತದೆ. ಪಾಲಿಯೆಸ್ಟರ್ ಪರದೆಗೆ ಕಾದ ಇಸ್ತ್ರಿ ತಾಗಿಸಿದರೆ ಬಟ್ಟೆಯೇ ಕರಗುತ್ತದೆ. ದರ್ಜಿಗೆ ಕೊಡಿ, ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ಕುಗ್ಗಿದ ಪರದೆಯನ್ನು ಕೂದಲಿನ ಕಂಡೀಷನರಲ್ಲಿ ನೆನೆಸಿ, ಒದ್ದೆ ಇರುವಾಗಲೇ ಇಟ್ಟಿಗೆ ಕಟ್ಟಿ ಎಳೆದರೆ ಉದ್ದವಾಗುತ್ತದಂತೆ, ನಿಜವೇ?

ಉತ್ತರ: ಎಳೆದಾಗ ಉದ್ದವಾಗುತ್ತದೆ, ಮುಂದಿನ ಒಗೆತಕ್ಕೆ ಮತ್ತೆ ಕುಗ್ಗುತ್ತದೆ. ಇಟ್ಟಿಗೆ ಕಟ್ಟಿದ ಕಡೆ ಬಟ್ಟೆ ಜೋಲುತ್ತದೆ, ರಾಡೂ ಕಿತ್ತು ಬಂದೀತು. ಇಂಥದ್ದನ್ನು ವೀಡಿಯೊ ಮಾಡಿ ಹಂಚುವವರ ಮನೆಯ ಕಿಟಕಿಯನ್ನು ಒಮ್ಮೆ ನೋಡಬೇಕು ಅಂತ ನನಗೆ ಆಸೆ.

ಪ್ರಶ್ನೆ: ಜೋಡಿ ಪರದೆಯಲ್ಲಿ ಒಂದು ಮಾತ್ರ ಗಿಡ್ಡ ಕಾಣುತ್ತದೆ. ದರ್ಜಿಯ ತಪ್ಪೇ?

ಉತ್ತರ: ಎರಡನ್ನೂ ಮಂಚದ ಮೇಲೆ ಒಂದರ ಮೇಲೊಂದು ಹಾಸಿ ನೋಡಿ. ಸಮ ಇದ್ದರೆ ದರ್ಜಿಯನ್ನು ಬೈಯಬೇಡಿ, ರಾಡ್ ಓರೆಯಾಗಿದೆ ಅಥವಾ ನೆಲ ಇಳಿಜಾರಾಗಿದೆ.

ಪ್ರಶ್ನೆ: ಒಲೆಯ ಪಕ್ಕದ ಕಿಟಕಿಯ ಪರದೆ ಗಿಡ್ಡ. ಅದನ್ನೂ ಕಟ್ಟೆಯವರೆಗೆ ಉದ್ದ ಮಾಡಲೇ?

ಉತ್ತರ: ಬೇಡ. ಇರುವುದನ್ನೂ ತೆಗೆದುಬಿಡಿ.