ಮೂರು ಲಕ್ಷದ ರೈಫಲ್ ಕೊಡಿಸಿದರೆ ಮಗಳ ಸ್ಕೋರ್ ಏರುತ್ತದಾ?

ಶಾಲೆ ಶುರುವಾದ ಕೂಡಲೇ ಈ ಪತ್ರಗಳೂ ಶುರು. "ಯಾವ ರೈಫಲ್ ತಗೊಳ್ಳಲಿ?" ಹತ್ತು ಮೀಟರ್ ಏರ್ ರೈಫಲ್ ಹೇಳಿಕೊಡುತ್ತಾ ಇಪ್ಪತ್ತು ವರ್ಷ ಕಳೆದಿದ್ದೇನೆ. "ಹೇಗೆ ನಿಲ್ಲಬೇಕು?" ಅಂತ ಬರೆದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಪಿಸಿಪಿ ಅಂದರೆ ಸಿಲಿಂಡರ್‌ನಲ್ಲಿ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹೊಡೆಯುವ ರೈಫಲ್, ಪೀಪ್ ಸೈಟ್ ಅಂದರೆ ಸಣ್ಣ ತೂತಿನ ಮೂಲಕ ನೋಡಿ ಗುರಿ ಹಿಡಿಯುವ ಸೈಟ್, ಇಷ್ಟು ಸಾಕು. ಉಳಿದದ್ದನ್ನು ನಿಮ್ಮ ಕ್ಲಬ್ಬಿನಲ್ಲಿ ಹತ್ತು ನಿಮಿಷದಲ್ಲಿ ತೋರಿಸುತ್ತಾರೆ.

ಮಗಳಿಗೆ 13 ವರ್ಷ. ಏರ್ ರೈಫಲ್ ಕಲಿಯಲು ಶುರುಮಾಡಿ ಏಳು ತಿಂಗಳು. ಕ್ಲಬ್ಬಿನ ಹಳೆಯ ಪಿಸಿಪಿ ರೈಫಲ್‌ನಲ್ಲಿ 400ಕ್ಕೆ 345ರ ಆಸುಪಾಸು ಹೊಡೆಯುತ್ತಾಳೆ. ಜೊತೆಯ ಮಕ್ಕಳು ಜರ್ಮನ್ ರೈಫಲ್ ತಂದಿದ್ದಾರೆ. ಬಳೆ ಅಡವಿಟ್ಟಾದರೂ ಕೊಡಿಸೋಣ ಅಂತಾಳೆ ನನ್ನ ಹೆಂಡತಿ. ಅಷ್ಟು ದುಡ್ಡಿಗೆ ಬೆಲೆ ಇದೆಯಾ ಸರ್? (ಒಬ್ಬ ತಂದೆ, ಹಾಸನ)

ಬಳೆ ಸದ್ಯಕ್ಕೆ ಕೈಯಲ್ಲೇ ಇರಲಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ನಮ್ಮ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪ್ರತಿ ಉಂಗುರಕ್ಕೂ ಮುಂದಿನ ಉಂಗುರಕ್ಕೂ ನಡುವೆ ಎರಡೂವರೆ ಮಿಲಿಮೀಟರ್. 345 ಹೊಡೆಯುವ ಹುಡುಗಿಯ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ನಡುಮಧ್ಯದಿಂದ ಸರಾಸರಿ 5 ಮಿಲಿಮೀಟರ್ ಆಚೀಚೆ ಬೀಳುತ್ತಿದೆ ಅಂತ ಅರ್ಥ. ಇದರಲ್ಲಿ ರೈಫಲ್ಲಿನ ತಪ್ಪೆಷ್ಟು? ಹಳೆಯದಾದರೂ ಸರಿಯಾಗಿ ನೋಡಿಕೊಂಡ ಪಿಸಿಪಿಯನ್ನು ವೈಸ್‌ಗೆ ಬಿಗಿದು ಹೊಡೆದರೆ ಸುಮಾರು 1 ಮಿಲಿಮೀಟರ್ ಹರಡುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ ಕೈ 4, ರೈಫಲ್ 1 ಅಂತ ಎಲ್ಲರೂ ಕೂಡಿಸುತ್ತಾರೆ. ಈ ತಪ್ಪುಗಳು ಹಾಗೆ ಕೂಡುವುದಿಲ್ಲ. ಒಮ್ಮೆ ಕೈ ಎಡಕ್ಕೆ, ರೈಫಲ್ ಬಲಕ್ಕೆ. ಇನ್ನೊಮ್ಮೆ ಎರಡೂ ಒಂದೇ ಕಡೆಗೆ. ಎರಡರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಆಗ ಕೈಯ ಪಾಲು 4.9 ಮಿಲಿಮೀಟರ್. ರೈಫಲ್ ಸೇರಿಸಿದ್ದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ನಲವತ್ತು ಗುಂಡಿಗೆ ಅದು ಒಂದೂವರೆ ಅಂಕ.

ಅಂದರೆ ಜಗತ್ತಿನ ಅತ್ಯುತ್ತಮ ರೈಫಲ್ ಕೈಗೆ ಕೊಟ್ಟರೂ ನಿಮ್ಮ ಮಗಳು 345ರಿಂದ 346, 347ಕ್ಕೆ ಹೋಗುತ್ತಾಳೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬಂದರೂ ಅಷ್ಟು ಏರುತ್ತದೆ.

ಇದೇ ಲೆಕ್ಕವನ್ನು ಮೇಲಿನವರಿಗೆ ಹಾಕಿ ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಅರ್ಜುನ್ ಬಬುತಾ 60 ಗುಂಡಿಗೆ 630.1 ಹೊಡೆದು ಏಳನೆಯವರಾಗಿ ಫೈನಲ್ಲಿಗೆ ಹೋದರು. ಸರಾಸರಿ 10.5 (ಅಲ್ಲಿ ಒಂದು ಗುಂಡಿಗೆ 10.9ರ ತನಕ ಅಂಕ). ಪೆಲೆಟ್ ಮಧ್ಯದಿಂದ ಸುಮಾರು ಒಂದೂಕಾಲು ಮಿಲಿಮೀಟರ್ ಒಳಗೆ. ಅಂಥ ಕೈಗೆ ಅದೇ 1 ಮಿಲಿಮೀಟರ್ ಹರಡುವ ರೈಫಲ್ ಕೊಟ್ಟರೆ ಎಂಟು ಅಂಕ ಹೋಗುತ್ತದೆ. ಫೈನಲ್ಲಿಗೆ ಎಂಟೇ ಜನ, ಅಂಕ ದಶಮಾಂಶದಲ್ಲಿ. ಎಂಟು ಅಂಕ ಹೋದರೆ ಕಥೆ ಮುಗಿಯಿತು. ಅವರಿಗೆ ದುಬಾರಿ ರೈಫಲ್ ಶೋಕಿಯಲ್ಲ.

ಹಾಗಾದರೆ ಆ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತದೆ? ಬ್ಯಾರಲ್‌ಗೆ ಅಂತ ಎಲ್ಲರ ನಂಬಿಕೆ. ಜರ್ಮನ್ ಕಂಪನಿಗಳಾದ ವಾಲ್ಥರ್ ಇರಲಿ, ಫೈನ್‌ವೆರ್ಕ್‌ಬೌ ಇರಲಿ, ಒಂದೇ ಸಾಲಿನ ಅಗ್ಗದ ಮಾಡೆಲ್‌ಗೂ ದುಬಾರಿ ಮಾಡೆಲ್‌ಗೂ ಬ್ಯಾರಲ್, ಗಾಳಿಯ ಏರ್ಪಾಡು ಹೆಚ್ಚುಕಮ್ಮಿ ಒಂದೇ. ಜಾಸ್ತಿ ದುಡ್ಡು ಕೊಡುವುದು ಮುಖ್ಯವಾಗಿ ಸ್ಟಾಕ್‌ಗೆ, ಅಂದರೆ ರೈಫಲ್ಲನ್ನು ಮೈಗೆ ಒತ್ತಿ ಹಿಡಿಯುವ ಭಾಗಕ್ಕೆ. ಭುಜಕ್ಕೆ ತಾಗುವ ಬಟ್‌ಪ್ಲೇಟ್, ಕೆನ್ನೆ ಒತ್ತುವ ಚೀಕ್‌ಪೀಸ್, ಹಿಡಿ ಎಲ್ಲವನ್ನೂ ಮೇಲೆ ಕೆಳಗೆ, ಹಿಂದೆ ಮುಂದೆ, ಓರೆಯಾಗಿ ಹೊಂದಿಸಿಕೊಳ್ಳಬಹುದು. ಹೊಂದಿಸಿಕೊಳ್ಳಲು ಬರುವವರಿಗೆ ಅದು ವರ. ಬರದವರಿಗೆ ತಪ್ಪು ಮಾಡಲು ಹತ್ತಾರು ಹೊಸ ಸ್ಕ್ರೂ.

ಹೋದ ವರ್ಷ ನಮ್ಮಲ್ಲಿಗೆ ಒಬ್ಬಳು ಹುಡುಗಿ ಹೊಸ ರೈಫಲ್ ಹೊತ್ತು ಬಂದಳು. ಪೆಟ್ಟಿಗೆಯ ಒಳಗಿನ ಸ್ಪಾಂಜಿನ ವಾಸನೆ ಇನ್ನೂ ಹೋಗಿರಲಿಲ್ಲ. ಸ್ಕೋರ್ ಮಾತ್ರ ಹಳೆಯದಕ್ಕಿಂತ ಹನ್ನೆರಡು ಕಡಿಮೆ. ಅಪ್ಪ ಪಕ್ಕದಲ್ಲಿ ನಿಂತು "ಪೆಲೆಟ್ ಸರಿಯಿಲ್ಲ ಅನಿಸುತ್ತೆ" ಅಂತಿದ್ದರು. ನಾನು ಅವಳ ಮುಖ ನೋಡಿದೆ. ಕೆನ್ನೆಯ ಮೂಳೆಯ ಮೇಲೆ ಕೆಂಪು ಗೆರೆ. ಚೀಕ್‌ಪೀಸ್ ಎತ್ತರವಾಗಿತ್ತು, ಸ್ಟಾಕ್ ಎರಡು ಬೆರಳು ಉದ್ದವಾಗಿತ್ತು. ಮಗು ಕೋಳಿಯ ಹಾಗೆ ಕತ್ತು ಮುಂದೆ ಚಾಚಿ ಸೈಟ್ ಹುಡುಕುತ್ತಿತ್ತು. ಅಂಗಡಿಯಿಂದ ಬಂದ ಮೇಲೆ ಯಾರೂ ಅಲೆನ್ ಕೀ ಮುಟ್ಟಿರಲಿಲ್ಲ. ಎರಡು ಸಂಜೆ ಕೂತು ಸರಿಮಾಡಿದೆವು. ಅವಳ ಹಳೆಯ ರೈಫಲ್‌ಗೂ ಆ ಎರಡು ಸಂಜೆ ಕೊಟ್ಟಿದ್ದರೆ ಏನಾಗುತ್ತಿತ್ತೋ. ಬೇರೆಯವರನ್ನು ಯಾಕೆ ಆಡಿಕೊಳ್ಳಲಿ, ನಾನೇ ಸಾಲ ಮಾಡಿ ತಂದ ರೈಫಲ್‌ನಲ್ಲಿ ಮೊದಲ ಪಂದ್ಯಕ್ಕೆ ಐದು ಅಂಕ ಕಳೆದುಕೊಂಡಿದ್ದೇನೆ. ಸಾಲ ತೀರಿದ್ದು ಮೂರು ವರ್ಷಕ್ಕೆ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಸ್ಪ್ರಿಂಗ್ ಬಲದಿಂದ ಗಾಳಿ ಒತ್ತಿ ಹೊಡೆಯುವ ಅಗ್ಗದ ಸ್ಪ್ರಿಂಗ್ ರೈಫಲ್‌ನಲ್ಲೇ ಇದ್ದು ಪೀಪ್ ಸೈಟ್ ಪಂದ್ಯಗಳಲ್ಲಿ ಮುಂದೆ ಬರುತ್ತೇನೆ ಅಂದರೆ ಆಗುವುದಿಲ್ಲ. ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಸ್ಪ್ರಿಂಗ್ ರೈಫಲ್ ಕೈಯಲ್ಲಿ ಹಿಂದೆ ಮುಂದೆ ಒದೆಯುತ್ತದೆ. ಶಾಲಾ ಕ್ರೀಡಾಕೂಟದ ಓಪನ್ ಸೈಟ್ (ಪೀಪ್ ತೂತಿಲ್ಲದ ಸಾದಾ ಸೈಟ್) ವಿಭಾಗಕ್ಕೆ ಅದು ನಡೆಯುತ್ತದೆ. ಆಮೇಲೆ ಮ್ಯಾಚ್ ಪಿಸಿಪಿಗೆ, ಅಂದರೆ ಪಂದ್ಯಕ್ಕೆಂದೇ ಮಾಡಿದ ಪಿಸಿಪಿಗೆ ಹೋಗುವುದು ನಿಜವಾಗಿಯೂ ದೊಡ್ಡ ಜಿಗಿತ, ಆ ದುಡ್ಡು ದಂಡವಲ್ಲ. ಮ್ಯಾಚ್ ಪಿಸಿಪಿಯ ಕೆಳಗಿನ ಮಾಡೆಲ್‌ನಿಂದ ಮೇಲಿನ ಮಾಡೆಲ್‌ಗೆ ಹೋಗುವುದು ಪುಟ್ಟ ಹೆಜ್ಜೆ. ಬೆಲೆಯಲ್ಲಿ ಮಾತ್ರ ಅದು ಪುಟ್ಟದಲ್ಲ.

ನಿಮ್ಮ ಮಗಳಿಗೆ ಈಗ ಬೇಕಾದ್ದು ಮೈಗೆ ಹೊಂದುವ ಜಾಕೆಟ್, ಪ್ಯಾಂಟ್, ಶೂ. ಬೆಳೆಯುವ ವಯಸ್ಸು, ಆದ್ದರಿಂದ ಒಳ್ಳೆಯ ಸೆಕೆಂಡ್ ಹ್ಯಾಂಡ್ ಸಾಕು. ಕ್ಲಬ್ ರೈಫಲ್‌ಗೆ ಹೊಂದುವ ಪೆಲೆಟ್ ಯಾವುದು ಅಂತ ನಾಲ್ಕೈದು ಡಬ್ಬಿ ಹೊಡೆದು ನೋಡಿ. 4.49, 4.50, 4.51 ಅಂತ ತಲೆಯ ಅಳತೆಯಲ್ಲೇ ವ್ಯತ್ಯಾಸ ಇರುತ್ತದೆ. ಮನೆಯಲ್ಲಿ ಗೋಡೆಗೆ ಒಂದು ಚುಕ್ಕೆ ಅಂಟಿಸಿ ದಿನಾ ಅರ್ಧ ಗಂಟೆ ಪೆಲೆಟ್ ಇಲ್ಲದೆ ಡ್ರೈ ಫೈರಿಂಗ್. ಅದಕ್ಕೆ ರೈಫಲ್ ಮನೆಗೆ ಕೊಡಿ ಅಂತ ಕ್ಲಬ್ಬಿನವರನ್ನು ಕಾಡಿ. 385 ದಾಟಿ ಅಲ್ಲೇ ನಾಲ್ಕು ತಿಂಗಳು ನಿಂತಳು ಅಂದರೆ ಆಗ ಮತ್ತೆ ಬರೆಯಿರಿ, ಮಾಡೆಲ್ ಹೆಸರು ಸಮೇತ ಹೇಳುತ್ತೇನೆ.

ಅಗ್ಗದ ರೈಫಲ್‌ಗೆ ಸ್ಕೋಪ್ ಹಾಕಿಸಿದರೆ ದುಬಾರಿಯದರ ಸಮಕ್ಕೆ ಬರುತ್ತದಾ?

ಹತ್ತು ಮೀಟರ್ ಪಂದ್ಯಕ್ಕೆ ಸ್ಕೋಪ್ ಬಿಡುವುದೇ ಇಲ್ಲ.

ನಮ್ಮೂರಲ್ಲಿ ಒಬ್ಬರು ಏರ್ ರೈಫಲ್ಲಿನ ಪವರ್ ಹೆಚ್ಚಿಸಿಕೊಡುತ್ತಾರೆ. ಬ್ಯಾರಲ್‌ಗೆ ಎಣ್ಣೆ ಬಿಡಲು ಹೇಳಿದ್ದಾರೆ.

ಅವರ ಅಂಗಡಿಯ ಕಡೆ ತಲೆಹಾಕಬೇಡಿ. ಮ್ಯಾಚ್ ರೈಫಲ್ಲಿನ ಪೆಲೆಟ್ ಹೊರಡುವುದೇ ಸುಮಾರು ಏಳೂವರೆ ಜೌಲ್ ಶಕ್ತಿಯಲ್ಲಿ. ಕಾಗದ ತೂತು ಮಾಡಲು ಇನ್ನೆಷ್ಟು ಬೇಕು? 20 ಜೌಲ್ ದಾಟಿದರೆ ಲೈಸೆನ್ಸ್ ಬೇಕು. ಆಗ ಪೊಲೀಸರಿಗೆ ಉತ್ತರ ಕೊಡುವವರು ನೀವು, ಅವರಲ್ಲ. ಎಣ್ಣೆ ಒಗ್ಗರಣೆಗೆ.

ಸಿಲಿಂಡರ್‌ಗೆ ಗಾಳಿ ತುಂಬಿಸಲು ಕ್ಲಬ್ ದೂರ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಹಾಕಿಸಬಹುದಾ?

ಬೇಡ. ಬೇಡವೇ ಬೇಡ. 200 ಬಾರ್ ಒತ್ತಡದ ಆಕ್ಸಿಜನ್ನಿಗೆ ಒಳಗಿನ ಗ್ರೀಸ್ ತಗುಲಿದರೆ ಹೊತ್ತಿಕೊಂಡು ಸಿಡಿಯುತ್ತದೆ. ರೈಫಲ್ ಇರುವುದು ನಿಮ್ಮ ಕೆನ್ನೆಯ ಪಕ್ಕದಲ್ಲಿ. ಪಿಸಿಪಿಗೆ ಹಾಕುವುದು ಒಣ ಗಾಳಿ ಮಾತ್ರ. ಈ ಸಲಹೆ ಕೊಟ್ಟವರು ಯಾರೇ ಆಗಿರಲಿ, ಅವರಿಂದ ಇನ್ನೇನೂ ಕೇಳಬೇಡಿ. ಸೆಕೆಂಡ್ ಹ್ಯಾಂಡ್ ರೈಫಲ್ ತಗೊಳ್ಳುವವರಿಗೂ ಇದೇ ಜಾಗದಲ್ಲಿ ಹೇಳಿಬಿಡುತ್ತೇನೆ: ಮೊದಲು ಸಿಲಿಂಡರ್ ಮೇಲಿನ ತಾರೀಕು ಓದಿ, ಆಮೇಲೆ ಬೆಲೆ ಕೇಳಿ. ಅವಧಿ ಮುಗಿದ ಸಿಲಿಂಡರ್ ಪಂದ್ಯದಲ್ಲಿ ನಡೆಯುವುದಿಲ್ಲ.

ತೋಟಕ್ಕೆ ಬರುವ ಕೋತಿ ಓಡಿಸಲು ಕಡಿಮೆ ಬೆಲೆಯ ಯಾವ ಏರ್ ಗನ್ ಒಳ್ಳೆಯದು?

ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ.

ನಾವು ಕೊಡಗಿನವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಮಗ ಮರದ ಮೇಲಿನ ತೆಂಗಿನಕಾಯಿಗೆ ಮೊದಲ ಗುಂಡಿನಲ್ಲೇ ಹೊಡೆದ. ನೇರವಾಗಿ ಒಳ್ಳೆಯ ರೈಫಲ್ ತರಿಸಿದರೆ ಹೇಗೆ?

ಹುಡುಗನಿಗೆ ಶಹಬ್ಬಾಸ್. ಆದರೆ ತೆಂಗಿನಕಾಯಿಗೆ ಎಲ್ಲಿ ತಗುಲಿದರೂ ಗೆದ್ದಂತೆ. ಇಲ್ಲಿ ಚುಕ್ಕೆ ಅರ್ಧ ಮಿಲಿಮೀಟರ್, ಅದೂ ಅರವತ್ತು ಸಲ, ಒಂದೂಕಾಲು ಗಂಟೆಯೊಳಗೆ. ಮೊದಲು ಒಂದು ತಿಂಗಳು ಕ್ಲಬ್ ರೈಫಲ್ ಹಿಡಿಯಲಿ. ಕೋವಿ ಮನೆಯಲ್ಲೇ ಇರಲಿ.